ಹಾಲ್ ಟಿಕೆಟ್ಟಿನ ಫೋಟೋ

ಹದಿನಾಲ್ಕನೆಯ ದಿನ ಬೆಳಿಗ್ಗೆ ಹಾಲು ಎಂದಿನ ಹೊತ್ತಿಗೇ ಬಂತು. ಅಲ್ಲಿಯವರೆಗೆ ಮನೆಯಲ್ಲಿ ನೆಂಟರಿದ್ದರು. ಯಾರಾದರೊಬ್ಬರು ಪಾತ್ರೆ ಹಿಡಿದು ಹೋಗಿ ಹಾಕಿಸಿಕೊಳ್ಳುತ್ತಿದ್ದರು. ಹಿಂದಿನ ದಿನ ಶುಭಸ್ವೀಕಾರದ ಊಟ ಮುಗಿಸಿ ಎಲ್ಲರೂ ಹೊರಟರು. ಕರ್ಮ ಮಾಡಿದ ನನ್ನ ಮೈದುನನೂ ಭದ್ರಾವತಿಗೆ ಹೋದ. ಆವತ್ತು ನಾನೇ ಬಾಗಿಲಿಗೆ ಹೋದೆ. ಹಾಲಿನವಳು ನನ್ನ ಬರಿಯ ಹಣೆ ನೋಡಿ, ಆಮೇಲೆ ಪಾತ್ರೆ ನೋಡಿ, "ಒಂದು ಲೀಟ್ರೋ, ಅರ್ಧವೋ?" ಅಂದಳು. ನಾನು ಪಾತ್ರೆ ಮುಂದೆ ಹಿಡಿದೆ.

ಅವಳ ಹಿಂದೆ ಒಬ್ಬ ರೈತ ನಿಂತಿದ್ದ. ಹೆಗಲ ಮೇಲೆ ಟವಲು, ಕೈಯಲ್ಲಿ ಒಂದು ಚೀಲ.

"ಪೋಟ ಮಾಸ್ಟ್ರ ಮನೆ ಇದೇನಾ ತಾಯಿ? ಚಿಕ್ಕಪೇಟೆ ರೂಮ್ಗೆ ಬೀಗ ಹಾಕೈತೆ. ಮೂರು ಸಲ ಬಂದು ವಾಪಸ್ ಹೋಗಿವ್ನಿ. ಎದ್ದವ್ರಾ ಮಾಸ್ಟ್ರು?"

ಒಳಗಿನಿಂದ ನಮ್ಮತ್ತೆ ಅಲಮೇಲಮ್ಮ ಹೇಳಿದರು: "ಅವನು ಹೋಗಿ ಇವತ್ತಿಗೆ ಹದಿನಾಲ್ಕು ದಿನ ಕಣಪ್ಪ. ಕಾಮಾಲೆ."

ಅವನು ಜಗಲಿಯ ಮೇಲೆ ಕುಸಿದು ಕೂತ. ಟವಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ನಾಚಿಕೊಂಡವನ ಹಾಗೆ, "ನನ್ ಮಗನ ಪೋಟ ಅವ್ರತ್ರ ಐತೆ ತಾಯಿ" ಅಂದ.

ಅವನ ಹೆಸರು ಚಿಕ್ಕಬೀರಯ್ಯ, ಊರು ಹಾಗಲವಾಡಿ. ಮಗ ಬೆಟ್ಟಸ್ವಾಮಿ ಎಸ್ಸೆಸ್ಸೆಲ್ಸಿ ಬರೆದು, ಫಲಿತಾಂಶ ಬರುವ ಮೊದಲೇ ಜ್ವರದಿಂದ ತೀರಿಕೊಂಡಿದ್ದ. ಹಾಲ್ ಟಿಕೆಟ್ಟಿಗೆ ಅಂಟಿಸಿದ್ದ ಫೋಟೋ ಒಂದೇ ಉಳಿದಿದ್ದು. ಶಾಲೆಗೆ ಬಂದು ತೆಗೆದವನು ಯಾವೂರಿನವನೋ ಯಾರಿಗೂ ಗೊತ್ತಿಲ್ಲ. ಅದನ್ನು ದೊಡ್ಡದು ಮಾಡಿ ಬಣ್ಣ ಹಾಕಿ ಕೊಡುತ್ತೇನೆಂದು ನನ್ನ ಗಂಡ ಸುಬ್ಬಕೃಷ್ಣ ಇಸಕೊಂಡಿದ್ದರು.

"ದೊಡ್ದು ಮಾಡಾದು ಬ್ಯಾಡ. ಅದ್ನೇ ಕೊಟ್ಬುಡಿ. ಮಾಲಯ ಅಮಾಸೆಗೆ ಎಡೆ ಇಡ್ಬೇಕು. ನಮ್ಮನೇವ್ಳು ಸರ್ಯಾಗಿ ಉಣ್ತಿಲ್ಲ ತಾಯಿ. ಪೋಟ ಎಲ್ಲಿ, ಪೋಟ ಎಲ್ಲಿ ಅಂತಾಳೆ. ಅವ್ನ ಮಕ ಮರ್ತೋಗ್ತೈತಂತೆ ಅವ್ಳಿಗೆ."

ಅಮಾವಾಸ್ಯೆಗೆ ಎಂಟು ದಿನವಿತ್ತು.

"ನಾನೇ ತಂದುಕೊಡ್ತೀನಿ, ಅಮಾವಾಸ್ಯೆಯೊಳಗೆ" ಅಂದೆ. ಅದು ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ.

ನನ್ನ ಗಂಡನ ಕೆಲಸವನ್ನು ಇಲ್ಲಿ ಹೇಳಬೇಕು. ತುಮಕೂರಿನ ಚಿಕ್ಕಪೇಟೆಯಲ್ಲಿ ಮಹಡಿಯ ಮೇಲೆ ಒಂದು ಕೋಣೆ. ಸತ್ತವರ ಪಟ ಮಾಡಿಸಲು ಜನ ಅಲ್ಲಿಗೆ ಬರುತ್ತಿದ್ದರು. ಹಳ್ಳಿಯವರ ಹತ್ತಿರ ಇರುತ್ತಿದ್ದುದು ಮದುವೆಯ ಗುಂಪಿನಲ್ಲಿ ಮೂಲೆಗೆ ನಿಂತ ಒಂದು ತಲೆ, ಅಥವಾ ಉಸಿರು ಹೋದ ಮೇಲೆ ಗೋಡೆಗೆ ಒರಗಿಸಿ ತೆಗೆಸಿದ ಚಿತ್ರ. ಅಂಥವುಗಳ ಮುಚ್ಚಿದ ಕಣ್ಣನ್ನು ಇವರು ಕುಂಚದಲ್ಲಿ ತೆರೆಯುತ್ತಿದ್ದರು. ಎಲ್ಲರಿಗೂ ಕೋಟು ಬೇಕಿತ್ತು. ಅದಕ್ಕೆ ನಮ್ಮ ಮದುವೆಯ ಕೋಟು ಹಾಕಿಕೊಂಡು ತಮ್ಮದೇ ಒಂದು ಫೋಟೋ ತೆಗೆಸಿ, ಹಲವಾರು ಪ್ರತಿ ಮಾಡಿ, ಕತ್ತಿನಿಂದ ಮೇಲೆ ಕತ್ತರಿಸಿ ಇಟ್ಟುಕೊಂಡಿದ್ದರು. ಗಿರಾಕಿಯ ಮುಖದ ನಕಲನ್ನು ಅದರ ಮೇಲೆ ಕೂರಿಸಿ, ಮತ್ತೆ ಫೋಟೋ ತೆಗೆದು, ಬಣ್ಣ ಹಾಕುವುದು. ಗುಬ್ಬಿ ತಾಲ್ಲೂಕಿನ ಎಷ್ಟೋ ಗೋಡೆಗಳ ಮೇಲೆ ಸತ್ತ ಗಂಡಸರು ನನ್ನ ಗಂಡನ ಭುಜ ಹೊತ್ತು ಕೂತಿದ್ದಾರೆ. ಎಡ ಭುಜ ಸ್ವಲ್ಪ ಇಳಿದಿರುತ್ತದೆ.

ಎರಡು ದಿನ ಆ ಕೋಣೆಯಲ್ಲಿ ಹುಡುಕಿದೆ. ಗಿರಾಕಿಗಳ ಮೂಲ ಫೋಟೋಗಳನ್ನು ಅವರು ಹೆಸರು ಬರೆದ ಲಕೋಟೆಗಳಲ್ಲಿ ಇಡುತ್ತಿದ್ದರು. "ಬೆಟ್ಟಸ್ವಾಮಿ, ಹಾಗಲವಾಡಿ" ಎಂಬ ಲಕೋಟೆ ಸಿಕ್ಕಿತು. ಬೆಳಕಿಗೆ ಹಿಡಿದೆ, ತಲೆಕೆಳಗು ಮಾಡಿ ಕೊಡವಿದೆ. ಖಾಲಿ. ಹಲಗೆಯ ಮೇಲೆ ಕೋಟಿನ ಫೋಟೋ ಒಂದು ಪಿನ್ನು ಹೊಡೆದು ತಯಾರಾಗಿತ್ತು. ಮುಖದ ಜಾಗ ಬಿಳಿ.

ಮೂರನೆಯ ದಿನ, ಅಕ್ಕಿ ಆರಿಸುತ್ತಿದ್ದಾಗ ನೆನಪಾಯಿತು. ಕೊನೆಯ ಸಲ ಕೋಣೆಯಿಂದ ಮನೆಗೆ ಬಂದಾಗ ಅವರಿಗೆ ಚಳಿ ಹಿಡಿದಿತ್ತು. ಸ್ಟುಡಿಯೋದಲ್ಲಿದ್ದ ಆ ಮದುವೆಯ ಕೋಟನ್ನು ಹಾಕಿಕೊಂಡೇ ಬಂದಿದ್ದರು. "ನಿನ್ನ ಲೆನ್ಸು ಕೊಡು ನಾಳೆ. ಆ ಹುಡುಗನ ಮುಖ ಹಗಲು ಬೆಳಕಲ್ಲಿ ನೋಡಬೇಕು" ಅಂದಿದ್ದರು. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದುವಾಗ ಎಲೆಗಳ ಚಿತ್ರ ಬರೆಯಲು ಕೊಂಡ ಲೆನ್ಸು ಅದು. ಮಾರನೆಯ ದಿನದಿಂದ ಅವರು ಹಾಸಿಗೆ ಬಿಟ್ಟು ಏಳಲಿಲ್ಲ.

"ಅತ್ತೆ, ಕೋಟೆಲ್ಲಿ?"

"ದಾನಕ್ಕೆ ಕೊಟ್ಟೆ."

"ಕೋಟು ಕೊಡ್ತಾರಾ ದಾನಕ್ಕೆ?"

"ಹಾಸಿಗೆ, ಕೊಡೆ, ಚಪ್ಪಲಿ ಎಲ್ಲಾ ಕೊಟ್ಟ ಮೇಲೆ ಅದೊಂದು ಯಾಕೆ ಬಿಡ್ಲಿ? ಸಾಯೋವಾಗ ಎಷ್ಟು ನಡುಗ್ತಿದ್ದ. ಅಲ್ಲಾದರೂ ಚಳಿಯಾಗದೆ ಇರಲಿ ಅಂತ. ಕುಣಿಗಲ್ಲಿನ ಲಕ್ಷ್ಮೀನರಸಿಂಹಯ್ಯ ತಗೊಂಡು ಹೋದರು. ಯಾಕೆ?"

ಹೇಳಿದೆ.

"ಕೊಟ್ಟ ದಾನ ಕೇಳಕ್ಕೆ ಹೋಗ್ತೀಯೇನೇ? ಅವನಿಗೆ ಮುಟ್ಟಿದ್ದು ಮುಟ್ಟದ ಹಾಗೆ ಆಗಿಬಿಡತ್ತೆ."

"ಕೋಟು ಕೇಳಲ್ಲ. ಜೇಬು ನೋಡ್ತೀನಿ ಅಷ್ಟೆ."

"ಜೇಬೂ ಕೋಟಿನದೇ ಅಲ್ವೇನೇ."

ನಾನು ಮೊರ ಬದಿಗಿಟ್ಟು ಎದ್ದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಹೆಂಗಸಿಗೂ ಮಗನೇ ಅಲ್ವಾ. ಹೋಗು. ಹಿಂದಿನ ಬಾಗಿಲಿಂದ ಹೋಗು" ಎಂದರು.

ಕುಣಿಗಲ್ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಕೊನೆಯವರೆಗೂ ಖಾಲಿಯೇ ಇತ್ತು. ನನ್ನ ಹಣೆ ನೋಡಿ ಜನ ನಿಂತೇ ಇದ್ದರು. ಅಮಾವಾಸ್ಯೆಗೆ ಐದು ದಿನ. ಲಕ್ಷ್ಮೀನರಸಿಂಹಯ್ಯ ಕೋಟನ್ನು ಮಾರಿರಬಹುದು, ಜೇಬು ಕೊಡವಿ ಫೋಟೋ ಬೀದಿಗೆ ಬಿಸಾಡಿರಬಹುದು. ಪ್ರತಿ ನಿಲ್ದಾಣದಲ್ಲೂ ಇದನ್ನೇ ಯೋಚಿಸಿದೆ.

ಲಕ್ಷ್ಮೀನರಸಿಂಹಯ್ಯನವರ ಮನೆ ಕೆರೆ ಏರಿಗೆ ಹೋಗುವ ದಾರಿಯಲ್ಲಿತ್ತು. ಅವರ ಹೆಂಡತಿ ಹೊರಗೆ ಬಂದರು.

"ಅವರಿಲ್ಲಮ್ಮ. ಒಂದು ಕೋಟು ಸಿಕ್ಕಿದೆ, ಅವತ್ತಿಂದ ಇವರನ್ನ ಹಿಡಿಯೋರಿಲ್ಲ. ಸೊಸೈಟಿಗೆ ಸಕ್ಕರೆ ತರಕ್ಕೆ ಹೋಗಿದಾರೆ, ಡೆಪ್ಯುಟಿ ಕಮಿಷನರ ಸವಾರಿ ಹೊರಟ ಹಾಗೆ! ಈ ಬಿಸಿಲಲ್ಲಿ! ನೀವು ಯಾರು ಗೊತ್ತಾಗಲಿಲ್ಲ?"

ನಾನು ಯಾರೆಂದು ಹೇಳಿದೆ. ಅವರ ಕೈ ಬಾಯಿಗೆ ಹೋಯಿತು. ಆಮೇಲೆ ಚಾಪೆ ಹಾಸಿದರು.

ಸ್ವಲ್ಪ ಹೊತ್ತಿಗೆ ಬೀದಿಯ ಕೊನೆಯಲ್ಲಿ ಕೋಟು ಕಾಣಿಸಿತು. ಎಡ ಭುಜ ಇಳಿದಿತ್ತು. ಮೇಲೆ ಬೇರೆ ಮುಖ. ಅದು ನನಗೆ ಹೊಸದಲ್ಲ. ಅವರು ಹತ್ತಿರ ಬಂದ ಮೇಲೆ ಫೋಟೋದ ವಿಷಯ ಹೇಳಿದೆ.

"ಜೇಬಲ್ಲಿ ಏನೂ ಇರಲಿಲ್ಲಮ್ಮ" ಎಂದರು ಅವರು, ನೊಂದುಕೊಂಡು. "ಇದ್ದಿದ್ರೆ ನಾನು ಇಟ್ಕೋತಿದ್ನಾ? ತಗೊಳ್ಳಿ, ನೋಡಿ." ಕೋಟು ಬಿಚ್ಚಿ ನನ್ನ ಮುಂದೆ ಹಿಡಿದರು. ಒಳಜೇಬಿನ ತಳದಲ್ಲಿ ಎರಡು ಬೆರಳು ತೂರುವಷ್ಟು ತೂತಿತ್ತು. ಕೆಳಗೆ, ಲೈನಿಂಗಿನ ಅಂಚಿನಲ್ಲಿ, ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು.

ಅವರ ಹೆಂಡತಿ ಕತ್ತರಿ ತಂದು ಹೊಲಿಗೆ ಬಿಚ್ಚಿದರು. ಫೋಟೋ ಅಲ್ಲಿತ್ತು. ಮುಖ ಒಳಗಾಗಿ ಬಟ್ಟೆಗೆ ಅಂಟಿಕೊಂಡಿತ್ತು.

"ಇದು ನೆನೆದಿದೆ" ಎಂದೆ.

"ನೆನೀದೆ ಏನಮ್ಮ? ದಾನದ್ದು ಯಾವುದನ್ನೂ ನಾವು ಹಾಗೇ ಒಳಗೆ ತರಲ್ಲ. ಬಾವಿಕಟ್ಟೆ ಮೇಲಿಟ್ಟು ಎರಡು ಕೊಡ ನೀರು ಹುಯ್ದು, ಒಣಗಿಸಿ ಆಮೇಲೆ ತರೋದು." ಆಕೆ ಉಗುರಿನಿಂದ ಫೋಟೋದ ಅಂಚು ಎಬ್ಬಿಸಲು ಹೋದರು.

"ಎಳೀಬೇಡಿ!"

ನನ್ನ ದನಿ ಕೇಳಿ ನನಗೇ ಗಾಬರಿಯಾಯಿತು. ನನ್ನ ಗಂಡ ಹೋದ ಮೇಲೆ ನಾನು ಅಷ್ಟು ಜೋರಾಗಿ ಮಾತಾಡಿರಲಿಲ್ಲ.

ಅಂಟಿದ ಫೋಟೋ ಎಳೆದರೆ ಮುಖ ಕಿತ್ತು ಬರುತ್ತದೆ. ತಣ್ಣೀರಲ್ಲಿ ಬಿಟ್ಟು ಅದೇ ಬಿಡಿಸಿಕೊಳ್ಳುವವರೆಗೆ ಕಾಯಬೇಕು. ನನ್ನ ಗಂಡ ಹೀಗೆ ಮಾಡುವುದನ್ನು ನೋಡಿದ್ದೆ. ಒಂದು ತಟ್ಟೆ ಕೇಳಿದೆ. ಲಕ್ಷ್ಮೀನರಸಿಂಹಯ್ಯನವರ ಹೆಂಡತಿ ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟು, ತಿರುಗಿ, ಹಿತ್ತಲಿನಿಂದ ಹಸುವಿಗೆ ಬೂಸ ಕಲಸುವ ತಟ್ಟೆ ತಂದರು. ಲೈನಿಂಗಿನ ಆ ತುಂಡನ್ನು ಕತ್ತರಿಸಿ, ಫೋಟೋ ಸಮೇತ ನೀರಲ್ಲಿಟ್ಟೆ.

ಐದು ನಿಮಿಷಕ್ಕೊಮ್ಮೆ ಲಕ್ಷ್ಮೀನರಸಿಂಹಯ್ಯ ಬಗ್ಗಿ ನೋಡಿ "ಬಂತೇ?" ಅನ್ನುತ್ತಿದ್ದರು. "ಸುಮ್ಮನಿರಿ, ನೀವು ಕೇಳಿದ್ರೆ ಬರತ್ತಾ?" ಎಂದು ಅವರ ಹೆಂಡತಿ ಗದರಿದರು. ನಾನು ನೀರನ್ನೇ ನೋಡುತ್ತಿದ್ದೆ. ಕೈ ಮುಟ್ಟಿಸಬಾರದು. ಮುಟ್ಟಬೇಕೆನ್ನಿಸುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ಒಂದು ಮೂಲೆ ಎದ್ದಿತು. ಆಮೇಲೆ ಇಡೀ ಫೋಟೋ ಬಟ್ಟೆಯಿಂದ ಜಾರಿ ಮಗುಚಿಕೊಂಡಿತು. ನೀರಿನಡಿಯಿಂದ ಹುಡುಗ ನಮ್ಮನ್ನು ನೋಡಿದ. ಹದಿನಾರು ವರ್ಷದವನು. ಕಾಲರಿನ ಗುಂಡಿ ಹಾಕಿದ್ದ. ಮೂಲೆಯಲ್ಲಿ ಶಾಲೆಯ ಸೀಲು.

ಒಂದು ಹುಬ್ಬು ಇರಲಿಲ್ಲ. ಅದು ಬಟ್ಟೆಯ ಮೇಲೇ ಉಳಿದು, ಬೆರಳು ತಾಗಿದಾಗ ಕೆಸರಿನ ಹಾಗೆ ಕರಗಿತು.

"ಕೋಟು ಬೇಕೇನಮ್ಮ?" ಎಂದು ಲಕ್ಷ್ಮೀನರಸಿಂಹಯ್ಯ ಮೆಲ್ಲಗೆ ಕೇಳಿದರು. ಬೇಡ ಎಂದೆ.

ಮನೆಯಲ್ಲಿ ಫೋಟೋವನ್ನು ನೆರಳಲ್ಲಿ ಒಣಗಿಸಿದೆ. ನನ್ನ ಗಂಡನ ಕುಂಚಗಳಲ್ಲಿ ಅತ್ಯಂತ ಸಣ್ಣದನ್ನು ತಂದೆ, ಕಪ್ಪು ಬಣ್ಣದ ಬಿಲ್ಲೆಯನ್ನೂ. ಲೆನ್ಸಿನಡಿ ಉಳಿದ ಹುಬ್ಬನ್ನು ನೋಡಿಕೊಂಡು ಹೋದದ್ದನ್ನು ಬರೆದೆ. ಒಂದೊಂದು ಕೂದಲೂ ಒಂದೊಂದು ಚುಕ್ಕೆ. ಒಂದು ಎಲೆಯ ಎರಡು ಅರ್ಧಗಳು ಒಂದೇ ಥರ ಇರುವುದಿಲ್ಲ ಎಂದು ಎರಡು ವರ್ಷ ಚಿತ್ರ ಬರೆದು ಕಲಿತವಳು ನಾನು. ಆದರೂ ಹಾಗೇ ಮಾಡಿದೆ. ಅತ್ತೆ ಹಿಂದೆ ಬಂದು ನಿಂತು, "ಯಾರಿಗೂ ಗೊತ್ತಾಗಲ್ಲ" ಎಂದರು.

ಅಮಾವಾಸ್ಯೆಯ ಹಿಂದಿನ ದಿನ ರೈಲಿನಲ್ಲಿ ಗುಬ್ಬಿಗೆ ಹೋಗಿ, ಅಲ್ಲಿಂದ ಹಾಗಲವಾಡಿ ಬಸ್ಸು ಹತ್ತಿದೆ. ಹೇಳುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಅಳೆದೆ. ಊರು ಬಂದಾಗ, ಬೇಡ ಎಂದುಕೊಂಡಿದ್ದೆ.

ಚಿಕ್ಕಬೀರಯ್ಯ ಮನೆಯಲ್ಲೇ ಇದ್ದ. ಅವನ ಹೆಂಡತಿ ನಿಂಗಮ್ಮ ಎಡೆಯ ಜಾಗ ಸಾರಿಸುತ್ತಿದ್ದಳು. ಸಣಕಲು ಹೆಂಗಸು. "ಬರ್ರವ್ವ, ಕುಂತ್ಕಳಿ" ಎಂದು ಮಣೆ ಹಾಕಿದಳು. ಗೋಡೆಯ ಮೇಲೆ ಹಳೆಯ ಅಚ್ಚಿನ ಲಕ್ಷ್ಮಿಯ ಪಟವಿತ್ತು, ಸೀರೆಯ ಜಾಗಕ್ಕೆ ನಿಜವಾದ ಜರಿ ಅಂಟಿಸಿದ್ದರು. ಪಕ್ಕದಲ್ಲಿ ಮೀಸೆಯ ಮುದುಕನೊಬ್ಬ ಆ ಕೋಟಿನಲ್ಲಿ ಕೂತಿದ್ದ.

"ನಮ್ಮಾವ" ಎಂದಳು ನಿಂಗಮ್ಮ. "ನಿಮ್ ಯಜಮಾನ್ರೇ ಬರ್ಕೊಟ್ಟಿದ್ದು. ಬದ್ಕಿರಾಗಂಟ ಅಂಗೀನೇ ಹಾಕ್ನಿಲ್ಲ ಮಾರಾಯ. ಸತ್ಮೇಲೆ ನೋಡಿ, ಹೆಂಗವ್ನೆ ಅಮಲ್ದಾರ!"

ಚಿಕ್ಕಬೀರಯ್ಯ ನಕ್ಕ. ನಾನು ಲಕೋಟೆ ತೆಗೆದೆ.

ಅವಳು ಫೋಟೋ ಹಿಡಿದು ಬಾಗಿಲ ಬೆಳಕಿಗೆ ಹೋದಳು. ನೋಡಿದಳು. ದೂರ ಹಿಡಿದಳು. ಹತ್ತಿರ ತಂದಳು.

"ಇದು ಅವ್ನಲ್ಲ."

"ಅವ್ನೇ ಕಣಮ್ಮಿ" ಎಂದ ಚಿಕ್ಕಬೀರಯ್ಯ. "ಸರ್ಟು ನೋಡು, ಸೀಲು ನೋಡು."

"ಸರ್ಟು ಅವ್ನ್ದೇ." ಅವಳ ಬೆರಳು ಹುಬ್ಬಿನ ಹತ್ತಿರ ನಿಂತಿತ್ತು. "ಇಲ್ಲೊಂದು ಗೆರೆ ಐತೆ ಅವ್ನ್ಗೆ. ಹುಲ್ಲು ಕುಯ್ಯಾಗ ಕುಡ್ಲು ತಾಗಿದ್ದು. ಅಲ್ಲಿ ಕೂದ್ಲೇ ಬರ್ತಿರ್ನಿಲ್ಲ. ಎಲ್ಲೋಯ್ತು ಗೆರೆ?" ಅವಳ ದನಿ ಏರಿತು. "ನಾನೇ ಮರ್ತ್ನಾ? ಹೇಳು, ನಾನೇ ತೆಪ್ಪಾಗಿ ನೆನಿಸ್ಕಂಡಿವ್ನಾ?"

"ಪೋಟದಲ್ಲಿ ಅದೆಲ್ಲಾ ಬೀಳಾಕಿಲ್ಲ ಬುಡು" ಎಂದ ಅವನು.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ತನ್ನ ನೆನಪನ್ನೇ ಬಿಟ್ಟುಕೊಡುತ್ತಿದ್ದಳು.

"ನೀವು ಮರೆತಿಲ್ಲ" ಎಂದೆ. "ಆ ಹುಬ್ಬು ನಾನು ಬರೆದದ್ದು." ಕೋಟು, ದಾನ, ಬಾವಿಕಟ್ಟೆ, ತಟ್ಟೆ, ಎಲ್ಲಾ ಹೇಳಿದೆ.

ಚಿಕ್ಕಬೀರಯ್ಯನ ಮುಖ ಕೆಂಪಾಯಿತು. "ನಂಬಿ ಕೊಟ್ವಲ್ಲ ತಾಯಿ. ಒಂದೇ ಒಂದು. ಒಂದೇ ಒಂದಿತ್ತು" ಎಂದು ಎದ್ದು ಅಂಗಳಕ್ಕೆ ಹೋಗಿಬಿಟ್ಟ. ನಿಂಗಮ್ಮ ಫೋಟೋದಿಂದ ಕಣ್ಣು ತೆಗೆಯಲಿಲ್ಲ.

"ಅಳ್ಸಕ್ಕಾಯ್ತದಾ?"

"ಆಗುತ್ತೆ. ಆದರೆ ಅಲ್ಲಿ ಬರೀ ಬಿಳಿ ಉಳಿಯುತ್ತೆ. ನೀವು ಹೇಳ್ತಾ ಹೋಗಿ, ಆ ಗೆರೆ ಬರೀತೀನಿ. ಕುಂಚ ತಂದಿದೀನಿ."

"ಬ್ಯಾಡ ಕಣವ್ವ. ನೀನು ಬರುದ್ರೆ ಅದು ನಿಂದಾಯ್ತದೆ. ಅಳ್ಸು."

ಸೆರಗಿನ ತುದಿಯನ್ನು ನೀರಿಗದ್ದಿ ಹಿಂಡಿದೆ. ಸ್ವಲ್ಪ ಹೆಚ್ಚು ಒತ್ತಿದರೆ ಕಣ್ಣೂ ಕಿತ್ತು ಬರುತ್ತದೆ. ಮೂರು ಸಲ ಒರೆಸಿದ ಮೇಲೆ ನನ್ನ ಚುಕ್ಕೆಗಳೆಲ್ಲ ಬಟ್ಟೆಗೆ ಬಂದವು. ಕಣ್ಣು ಉಳಿಯಿತು. ಅದರ ಮೇಲೆ ಅವರೆಕಾಳಿನಷ್ಟು ಬಿಳಿ.

ಅವಳು ಆ ಬಿಳಿಯನ್ನು ನೋಡಿದಳು. ಕೈ ಸೀರೆಗೆ ಒರೆಸಿಕೊಂಡು ಮುಂದೆ ಚಾಚಿದಳು.

"ಕೊಡು."

ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. "ಇನ್ನೂ ಒದ್ದೆ ಇದೆ, ಆರೋವರೆಗೂ ಮುಖ ಮುಟ್ಟಬೇಡಿ" ಎಂದೆ.

"ಗಾಳಿಗೆ ಹಿಡ್ಕತೀನಿ" ಎಂದಳು. ಎರಡು ಅಂಚು ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತಳು.