ಹಿಂದಿನವನ ಕೂಗು

ದೊಡ್ಡ ಗಾಜನ್ನು ಒಬ್ಬನೇ ಹೊರುವುದು ಆಗದ ಮಾತು. ಇಬ್ಬರು ಬೇಕು. ಮುಂದಿನವನು ದಾರಿ ನೋಡಬೇಕು, ಹಿಂದಿನವನು ಗಾಜು ನೋಡಬೇಕು. ಮುಂದಿನವನು ಯಾವ ಕಾರಣಕ್ಕೂ ಕತ್ತು ತಿರುಗಿಸಕೂಡದು; ಕತ್ತು ತಿರುಗಿದರೆ ಮೈ ತಿರುಗುತ್ತದೆ, ಮೈ ತಿರುಗಿದರೆ ಗಾಜು ಮುರಿಯುತ್ತದೆ. ಹಿಂದಿನವನು ಕೂಗಿದ ಕೂಡಲೇ ಮುಂದಿನವನ ಕಾಲು ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. 'ನಿಲ್ಲು, ಜಾರುತ್ತಿದೆ' ಎಂದೆಲ್ಲ ವಿವರಿಸಲು ಹೊತ್ತಿರುವುದಿಲ್ಲ. ಜೊತೆಗಾರನನ್ನು ಕರೆಯುವ ಒಂದೇ ಒಂದು ಮಾತು, ಅಷ್ಟೇ.

ಮೇಸ್ತ್ರಿ ಈ ಕೆಲಸಕ್ಕೆ ಸೇರಿದಾಗ ಅವನಿಗೆ ಇಪ್ಪತ್ತು ವರ್ಷ. ಈಗ ಅರವತ್ತು ದಾಟಿದೆ. ನಲವತ್ತು ವರ್ಷವೂ ಅದೇ ಅಂಗಡಿ, ಅದೇ ಜೊತೆಗಾರ. ಇವನು ಮುಂದೆ, ಅವನು ಹಿಂದೆ. ಇಬ್ಬರೂ ಒಬ್ಬರನ್ನೊಬ್ಬರು 'ಜೋಡಿ' ಎಂದು ಕರೆಯುತ್ತಿದ್ದರು. ಕೆಲಸ ಕಲಿಸಿದ ಗುರುವಿಗೆ ಆ ಮಾತು ಹಿಡಿಸುತ್ತಿರಲಿಲ್ಲ. ಅವರ ಕಾಲದವರು 'ಗೆಣೆಯ' ಅನ್ನುತ್ತಿದ್ದರು.

"ಜೋಡಿ ಅನ್ನೋದು ಎತ್ತಿಗೆ, ಚಪ್ಪಲಿಗೆ. ನೀವೇನು ಚಪ್ಪಲೀನಾ?" ಎಂದು ಅವರು ಒಂದು ದಿನ ರೇಗಿದ್ದರು.

"ಹೌದು ಗುರುಗಳೇ," ಎಂದಿದ್ದ ಜೋಡಿ, "ಒಂದು ಕಳೆದುಹೋದ್ರೆ ಇನ್ನೊಂದನ್ನ ಯಾರೂ ಹಾಕ್ಕೊಳ್ಳಲ್ಲ."

ಆ ಜೋಡಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಒಂಬತ್ತು ದಿನದ ಜ್ವರ. ಕೊನೆಗೆ ಮಾತು ನಿಲ್ಲುವ ಮುಂಚೆ ಮೇಸ್ತ್ರಿಯ ಕೈಹಿಡಿದು, "ನನ್ನ ಮಗನ್ನ ನಿನ್ನ ಹಿಂದೆ ನಿಲ್ಲಿಸ್ಕೋ" ಎಂದಿದ್ದ. ದೇವರು ಇಟ್ಟಷ್ಟು ದಿನ, ಕರೆದ ದಿನ ಹೋಗಬೇಕು. ಮೇಸ್ತ್ರಿಗೆ ಅದು ತಿಳಿಯದ್ದಲ್ಲ. ಆದರೂ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಪಕ್ಕಕ್ಕೆ ಸ್ವಲ್ಪ ಜಾಗ ಉಳಿಸಿಯೇ ಬಿಡುತ್ತಿದ್ದ.

ಜೋಡಿಯ ಮಗನಿಗೆ ಇಪ್ಪತ್ತೆಂಟು ವರ್ಷ. ಹೆಂಡತಿ, ಆರು ವರ್ಷದ ಮಗಳು. ದಪ್ಪ ಕನ್ನಡಕ ಹಾಕುತ್ತಿದ್ದುದರಿಂದ ಊರಿಗೆಲ್ಲ ಅವನು 'ಸೋಡಾ'. ಪಾರ್ಸೆಲ್ ಆಫೀಸಿನ ಕೆಲಸ ಬಿಟ್ಟು ಗಾಜಿನಂಗಡಿಗೆ ಬಂದ ಮೊದಲ ದಿನವೇ, ಮೇಸ್ತ್ರಿ ಗಾಜಿನ ಮುಂದಿನ ಅಂಚು ಹಿಡಿದು ನಿಂತಾಗ, ಹಿಂದಿನಿಂದ ಕೇಳಿದ:

"ಬ್ರೋ, ಎಲ್ಲಿಂದ ಹಿಡೀಲಿ?"

"ಏನಂದೆ?"

"ಎಲ್ಲಿಂದ ಹಿಡೀಲಿ ಅಂದೆ, ಬ್ರೋ."

"ನಿಮ್ಮಪ್ಪನ ಜೊತೆ ನಲವತ್ತು ವರ್ಷ ಗಾಜು ಹೊತ್ತವನು ನಾನು. ಚಿಕ್ಕೋನಿದ್ದಾಗ ಬಾಯ್ತುಂಬ ದೊಡ್ಡಪ್ಪ ಅಂತಿದ್ದೆ."

"ಅದು ಮನೇಲಿ. ಇಲ್ಲಿ ದೊಡ್ಡಪ್ಪ ಅಂದ್ರೆ ನೀವು ಕೂತ್ಕೋತೀರಿ, ನಾನೊಬ್ನೇ ಹೊರಬೇಕಾಗುತ್ತೆ."

ಅಂಗಡಿಯ ಯಜಮಾನ ನಕ್ಕುಬಿಟ್ಟ. ಐವತ್ತರ ಆಸುಪಾಸಿನ ಆ ಮನುಷ್ಯ ಗಿರಾಕಿಗೂ 'ಗುರು' ಅನ್ನುವವನು, ಲಾರಿ ಡ್ರೈವರಿಗೂ 'ಗುರು' ಅನ್ನುವವನು, ಬಾಗಿಲಿಗೆ ಅಡ್ಡ ಮಲಗಿದ ನಾಯಿಗೂ 'ಏಳು ಗುರು' ಅನ್ನುವವನು. "ಬಿಡಿ ಮೇಸ್ತ್ರಿ, ಈಗಿನವರೆಲ್ಲ ಹಾಗೇ. ನನ್ನ ಮಗ ಅವರಮ್ಮನಿಗೇ ಬ್ರೋ ಅಂತಾನೆ."

"ನನ್ನ ಮಗಳು ನನ್ನನ್ನೇ ಆಡ್ಕೋತಾಳೆ," ಎಂದ ಸೋಡಾ. "ಬ್ರೋ ಅನ್ನೋದು ಮುದುಕರ ಮಾತಂತೆ. ಅವಳಿಗೆ ಎಲ್ಲರೂ ಬೆಸ್ಟಿ. ಟೀಚರ್ ಒಬ್ಬರನ್ನ ಬಿಟ್ಟಿದಾಳೆ, ಪುಣ್ಯಕ್ಕೆ."

ಎಲ್ಲರೂ ನಕ್ಕರು. ಮೇಸ್ತ್ರಿ ನಗಲಿಲ್ಲ. ಹೆಗಲ ಹಿಂದೆ ನಲವತ್ತು ವರ್ಷ ಒಂದೇ ಮಾತು ಕೇಳಿಸಿದ ಜಾಗದಲ್ಲಿ ಬೀದಿಯಲ್ಲಿ ಹೋಗುವವರೆಲ್ಲ ಆಡುವ ಮಾತೊಂದು ಬಂದು ಕೂತದ್ದು ಅವನಿಗೆ ಎದೆಗೆ ಒದ್ದಂತಾಯಿತು. 'ಜೋಡಿ' ಅನ್ನು ಎಂದು ಬಾಯಿಬಿಟ್ಟು ಹೇಳಲು ಮನಸ್ಸಿಲ್ಲ. ಅದು ಸತ್ತವನ ಮಾತು. ದೊಡ್ಡಪ್ಪ ಅನ್ನಲಿ, ಮೇಸ್ತ್ರಿ ಅನ್ನಲಿ, ಅಲ್ಲಿಯವರೆಗೆ ಓಗೊಡುವುದಿಲ್ಲ ಎಂದು ಹಟ ಹಿಡಿದ.

ಹಟವೆಂದರೆ ಅಂಥಿಂಥ ಹಟವಲ್ಲ. ಸೋಡಾ 'ಬ್ರೋ' ಎಂದರೆ ಮೇಸ್ತ್ರಿ ತಲೆಯೆತ್ತುತ್ತಿರಲಿಲ್ಲ. ಎರಡನೆಯ ಸಲ ಕೂಗಿದರೂ ಅಷ್ಟೇ. ಸೋಡಾ ಮೇಜು ಸುತ್ತಿ ಬಂದು ತೋಳು ಮುಟ್ಟಿದ ಮೇಲೆ, "ಹಾಂ, ಏನು?" ಅನ್ನುತ್ತಿದ್ದ. ತಿಂಗಳೆರಡು ಕಳೆಯುವಷ್ಟರಲ್ಲಿ ಸೋಡಾ ಅವನ ಬಳಿ ಗಟ್ಟಿಯಾಗಿ ಮಾತಾಡತೊಡಗಿದ. ಗಾಜು ಉಜ್ಜುವ ಮಿಷಿನ್ನಿನ ಸದ್ದಿನಲ್ಲಿ ನಲವತ್ತು ವರ್ಷ ದುಡಿದ ಕಿವಿ ಮಂದವಾಗಿದೆ ಎಂದು ಅವನು ತಿಳಿದುಕೊಂಡ. ಅವನು ಹಾಗೆ ತಿಳಿದುಕೊಂಡದ್ದು ಮೇಸ್ತ್ರಿಗೂ ಗೊತ್ತಾಯಿತು. ಗೊತ್ತಾಗಿಯೂ ಇವನು ಸರಿಪಡಿಸಲಿಲ್ಲ. ಗಾಜು ಹೊರುವಾಗ ಮಾತ್ರ ದಾರಿ ಸುಸೂತ್ರವಾಗಿಯೇ ಸಾಗುತ್ತಿತ್ತು. ಕೂಗಬೇಕಾದ ಸಂದರ್ಭ ಬಂದಿರಲಿಲ್ಲ.

ಬಂದದ್ದು ಒಂದು ಸೋಮವಾರ. ಔಷಧಿ ಅಂಗಡಿಯ ಮುಂಭಾಗಕ್ಕೆ ಆಳುದ್ದದ ಗಾಜು ಕೂರಿಸಬೇಕಿತ್ತು. ಬೀದಿಯಿಂದ ನಾಲ್ಕು ಮೆಟ್ಟಿಲು. ಮೇಸ್ತ್ರಿ ಮೊದಲ ಮೆಟ್ಟಿಲು ಹತ್ತಿದಾಗ ಗಾಜಿನ ತಳಕ್ಕೆ ಕೊಟ್ಟಿದ್ದ ಚರ್ಮದ ಪಟ್ಟಿಯ ಹೊಲಿಗೆ ಹಿಂದುಗಡೆ ಬಿಚ್ಚಿಕೊಳ್ಳತೊಡಗಿತು. ಅದು ಕಾಣುವುದು ಹಿಂದಿನವನಿಗೆ ಮಾತ್ರ.

"ಬ್ರೋ!"

ಮೇಸ್ತ್ರಿಗೆ ಕೇಳಿಸಿತು. ಎರಡನೆಯ ಮೆಟ್ಟಿಲಿಗೆ ಕಾಲಿಟ್ಟ.

"ಬ್ರೋ! ಬ್ರೋ!"

ಈ ಸಲ ದನಿ ನಡುಗಿತ್ತು. ಏನೋ ಕೆಟ್ಟಿದೆ ಎಂದು ಅವನ ಬೆನ್ನಿಗೆ, ಕುತ್ತಿಗೆಗೆ, ಅಂಗೈಗೆ, ಎಲ್ಲಕ್ಕೂ ತಿಳಿಯಿತು. ಏಳು ತಿಂಗಳು ಹಟ ಮಾಡಿ ಕಲಿತ ಕಾಲು ಮಾತ್ರ ನಿಲ್ಲಲಿಲ್ಲ. ಮೂರನೆಯ ಮೆಟ್ಟಿಲು ಹತ್ತಿತು.

ಗಾಜು ನಡುವೆ ಸೀಳಿತು. ಸೋಡಾ ಕೈಬಿಟ್ಟು ಹಿಂದಕ್ಕೆ ಹಾರಿದ್ದರೆ ಅವನಿಗೆ ಒಂದು ಗೀರೂ ಆಗುತ್ತಿರಲಿಲ್ಲ. ಆದರೆ ಬಿಟ್ಟಿದ್ದರೆ ಮೇಲಿನ ತುಂಡು ಮೇಸ್ತ್ರಿಯ ಬೆನ್ನ ಮೇಲೆ ಬೀಳುತ್ತಿತ್ತು. ಅವನು ಬಿಡಲಿಲ್ಲ. ಒಡೆದ ಅಂಚನ್ನೇ ಬಲಗೈಯಲ್ಲಿ ಹಿಡಿದು ಪಕ್ಕಕ್ಕೆ ಎಳೆದುಹಾಕಿದ. ಕೈಗವಸು ತುಂಡಾಗಿ, ಅಂಗೈ ಅಡ್ಡಕ್ಕೆ ಬಿರಿಯಿತು.

ಆಸ್ಪತ್ರೆಗೆ ಹೋಗುವ ಗಾಡಿಯಲ್ಲಿ, ಸುದ್ದಿ ತಿಳಿದು ಓಡಿಬಂದಿದ್ದ ಯಜಮಾನ ಕೇಳಿದ, "ಯಾಕೋ ಕೂಗ್ಲಿಲ್ಲ?"

ಸೋಡಾ ಟವೆಲು ಸುತ್ತಿದ ಕೈಯನ್ನು ಎದೆಗೆ ಅವುಚಿಕೊಂಡು, "ಮರೆತುಬಿಟ್ಟೆ" ಎಂದ.

ಮೇಸ್ತ್ರಿ ಪಕ್ಕದಲ್ಲೇ ಕೂತಿದ್ದ. ಅವನ ನಾಲಗೆ ಏಳಲಿಲ್ಲ.

"ಕೂಗೋದನ್ನ ಮರೆಯೋನು ಗಾಜಿನ ಕೆಲಸಕ್ಕಲ್ಲ," ಎಂದ ಯಜಮಾನ. "ಕೈ ವಾಸಿಯಾದ ಮೇಲೆ ಬೇರೆ ಕಡೆ ನೋಡ್ಕೋ."

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಓಣಿಯಲ್ಲಿ ಸೋಡಾನ ಹೆಂಡತಿ ಸಿಕ್ಕಳು. ಕಣ್ಣು ಊದಿಕೊಂಡಿತ್ತು. ಎರಡು ಬೆರಳು ಇನ್ನು ಮಡಿಚುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರಂತೆ. ಅವಳು ಮೇಸ್ತ್ರಿಯ ಕಿವಿಯ ಹತ್ತಿರ ಬಾಯಿ ತಂದು, ಸುತ್ತಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು:

"ದೊಡ್ಡಪ್ಪಾ! ನೀವು ಯಜಮಾನರ ಹತ್ರ ಏನೂ ಹೇಳೋಕೆ ಹೋಗ್ಬೇಡಿ! ನಿಮ್ಮ ಕಿವಿ ವಿಷಯ ಗೊತ್ತಾದ್ರೆ ನಿಮ್ಮನ್ನ ಮನೆಗೆ ಕಳಿಸಿಬಿಡ್ತಾರೆ ಅಂತ ಇವರು ತಾವೇ ಕೂಗ್ಲಿಲ್ಲ ಅಂದುಬಿಟ್ರು!"

"ಮೆಲ್ಲಗೆ ಹೇಳಮ್ಮ."

"ಹಾಂ? ನಾನು ಚೆನ್ನಾಗಿ ಬೈದೆ, ದೊಡ್ಡಪ್ಪ. ಅಪ್ಪನ ಸ್ನೇಹಿತ ಅಂತ ಎಷ್ಟು ಅಂತ ಹೊರ್ತೀರಿ ಅಂದೆ. 'ಅಪ್ಪನ ಸ್ನೇಹಿತ ಅಲ್ಲ ಕಣೇ, ಈಗ ನನ್ನ ಸ್ನೇಹಿತ' ಅಂದ್ರು. ಈ ಗಂಡಸರ ಹುಚ್ಚು ನನಗಂತೂ ಅರ್ಥ ಆಗಲ್ಲ."

ಮೇಸ್ತ್ರಿ ಒಳಗೆ ಹೋಗಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ದೇವರ ಮುಂದೆ ಕೂತ. ದಿನಾ ಹೇಳುವ ಪ್ರಾರ್ಥನೆ ಅರ್ಧಕ್ಕೆ ನಿಂತಿತು. ಅವನ ತಾಯಿ ದೇವರನ್ನು ಒಂದು ಹೆಸರಿಂದ ಕರೆಯುತ್ತಿದ್ದಳು, ಇವನು ಇನ್ನೊಂದು ಹೆಸರಿಂದ ಕರೆಯುತ್ತಾನೆ. ಕಷ್ಟ ಬಂದಾಗ 'ಅಪ್ಪಾ' ಎಂದಿದ್ದಾನೆ, ಜೋಡಿ ಸತ್ತ ದಿನ 'ಪಾಪಿ' ಎಂದೂ ಕರೆದಿದ್ದಾನೆ. ಸರಿಯಾಗಿ ಕರೆದರೆ ಮಾತ್ರ ಬರುತ್ತೇನೆ ಎಂದು ದೇವರು ಒಮ್ಮೆಯೂ ಮುಖ ತಿರುಗಿಸಿರಲಿಲ್ಲ. ಮೇಸ್ತ್ರಿ ತಲೆಯನ್ನು ನೆಲಕ್ಕೆ ಹಚ್ಚಿದ. ಆಮೇಲೆ ಎದ್ದು ಅಂಗಡಿಗೆ ನಡೆದ.

ಯಜಮಾನ ಅಳತೆಯ ಚೀಟಿ ನೋಡುತ್ತಿದ್ದ. ಪಕ್ಕದಲ್ಲಿ ಬಿಲ್ಲು ಬರೆಯುವ ಹೆಂಗಸು ಕೂತಿದ್ದಳು.

"ಅವನು ಕೂಗಿದ," ಎಂದ ಮೇಸ್ತ್ರಿ. "ಎರಡು ಸಲ. ನಾನು ನಿಲ್ಲಲಿಲ್ಲ."

"ಅವನೇ ಕೂಗ್ಲಿಲ್ಲ ಅಂದ."

"ನನ್ನ ಕಿವಿ ಕೆಟ್ಟಿದೆ ಅಂತ ಅವನ ನಂಬಿಕೆ. ನನ್ನ ಕೆಲಸ ಉಳಿಸೋಕೆ ಸುಳ್ಳು ಹೇಳಿದ."

ಯಜಮಾನನ ಮುಖ ಮೆತ್ತಗಾಯಿತು. "ಓಹೋ, ಕಿವಿ ಕೆಟ್ಟಿದೆಯಾ? ಅದನ್ನ ಮೊದಲೇ ಹೇಳ್ಬಾರ್ದಾ ಗುರು? ಪಾಪ, ವಯಸ್ಸು. ಅದರಲ್ಲಿ ನಿಮ್ಮ ತಪ್ಪೇನಿದೆ?"

"ಕೆಟ್ಟಿಲ್ಲ. ಕೇಳಿಸಿತ್ತು."

"ಕೇಳಿಸಿದ್ರೆ ನಿಲ್ಲದೇ ಇರ್ತೀರಾ? ಯಾರಾದ್ರೂ ನಂಬ್ತಾರಾ? ಜೋಡಿ ಮಗನ ಮೇಲಿನ ಕನಿಕರಕ್ಕೆ ಏನೇನೋ ಹೇಳ್ತಿದೀರಿ. ಹೋಗಿ ಮಲಗಿ."

ಅಪರಾಧ ಮಾಡಿದವನು ತಾನೇ ಬಂದು ನಿಂತರೂ ಅದು ಅವನದೆಂದು ಒಪ್ಪುವವರಿಲ್ಲ. ಮೇಸ್ತ್ರಿ ಹೇಳಿದ, "ಹಿಂದಿನ ಕೋಣೆಗೆ ಹೋಗಿ. ಮೆಲ್ಲಗೆ ಏನಾದರೂ ಮಾತಾಡಿ. ನಾನು ಇಲ್ಲೇ ಗೋಡೆ ನೋಡ್ತಾ ನಿಂತಿರ್ತೀನಿ."

ಯಜಮಾನ ಹುಚ್ಚನನ್ನು ಸಮಾಧಾನ ಮಾಡುವಂತೆ ಎದ್ದು, ಬಿಲ್ಲಿನ ಹೆಂಗಸನ್ನೂ ಕರೆದುಕೊಂಡು, ನಿಲ್ಲಿಸಿಟ್ಟ ಗಾಜುಗಳ ಸಾಲು ದಾಟಿ ಒಳಗೆ ಹೋದ. ಹೊರಗೆ ಬೀದಿಯಲ್ಲಿ ಗಾಡಿಗಳ ಸದ್ದಿತ್ತು. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಮರಳಿ ಬಂದರು.

"'ದುಃಖಕ್ಕೆ ಮುದುಕನ ತಲೆ ಸಡಿಲ ಆಗಿದೆ' ಅಂದ್ರಿ," ಎಂದ ಮೇಸ್ತ್ರಿ, ಗೋಡೆಯ ಕಡೆಗೇ ಮುಖ ಮಾಡಿಕೊಂಡು. "'ಒಂದು ವಾರ ರಜಾ ಕೊಟ್ಟು ಕಳಿಸೋಣ' ಅಂದ್ರಿ. 'ಆಮೇಲೆ ಬಂದ್ರೆ?' ಅಂತ ಈ ಅಮ್ಮ ಕೇಳಿದ್ರು. ನೀವು ಮಾತಾಡಲಿಲ್ಲ. ನಿಮ್ಮ ವಾಚಿನ ಚೈನು ಸದ್ದಾಯ್ತು."

ಬಿಲ್ಲಿನ ಹೆಂಗಸು ಸೆರಗನ್ನು ಬಾಯಿಗೆ ಹಿಡಿದಳು. ಯಜಮಾನ ಕುರ್ಚಿಯಲ್ಲಿ ಕೂತ.

"ಹಾಗಾದ್ರೆ ನಿಜವಾಗ್ಲೂ ಕೇಳಿಸಿತ್ತು."

"ಹೂಂ."

"ಮತ್ಯಾಕೆ ನಿಲ್ಲಲಿಲ್ಲ?"

"ಕರೆದ ಮಾತು ಹಿಡಿಸಲಿಲ್ಲ."

ಯಜಮಾನ ಅಳತೆಯ ಚೀಟಿಯನ್ನು ಮಡಿಚಿಟ್ಟ. ಬೈಯುತ್ತಾನೆ ಎಂದು ಮೇಸ್ತ್ರಿ ಕಾದ. ಬೈಯಲಿಲ್ಲ. "ಅವನ ಕೆಲಸ ಅವನಿಗಿರುತ್ತೆ," ಎಂದ. "ಕೈ ವಾಸಿಯಾಗೋವರೆಗೂ ಕೂತ್ಕೊಂಡು ಮಾಡೋ ಕೆಲಸ ಕೊಡ್ತೀನಿ. ನೀವು ನಾಳೆಯಿಂದ ಬರಬೇಡಿ, ಮೇಸ್ತ್ರಿ."

ಅವನು ಮತ್ತೆ ಆಸ್ಪತ್ರೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಸೋಡಾ ಕನ್ನಡಕವಿಲ್ಲದೆ ಮಲಗಿದ್ದ. ಕಣ್ಣು ಕಿರಿದು ಮಾಡಿ, ಬಂದವರಾರೆಂದು ಗುರುತಿಸಿ, ಮೇಲೆದ್ದು ಕೂರಲು ನೋಡಿದ. "ಬನ್ನಿ ಬ್ರೋ! ಕೂತ್ಕೊಳ್ಳಿ!" ಎಂದು ಗಟ್ಟಿಯಾಗಿ ಕರೆದ.

"ಕೂಗಬೇಡಪ್ಪ. ನನ್ನ ಕಿವಿ ಚೆನ್ನಾಗಿದೆ."

ಆಮೇಲೆ ಎಲ್ಲವನ್ನೂ ಹೇಳಿದ. ಏಳು ತಿಂಗಳ ಹಟ ಹೇಳಿದ, ಮೆಟ್ಟಿಲು ಹೇಳಿದ, ಗಾಡಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದನ್ನು ಹೇಳಿದ. ಯಜಮಾನನಿಗೆ ತಿಳಿಸಿ ಬಂದದ್ದನ್ನು ಹೇಳಿದ. ಸೋಡಾನ ಹೆಂಡತಿ ಫ್ಲಾಸ್ಕಿನ ಮುಚ್ಚಳ ಕೈಯಲ್ಲಿ ಹಿಡಿದವಳು ಹಾಗೇ ನಿಂತಳು.

ಸೋಡಾ ಕೇಳಿದ, "ಮೊದಲ್ನೇ ಸಲಾನೇ ಕೇಳಿಸ್ತಾ?"

"ಕೇಳಿಸ್ತು."

"ಎರಡನೇ ಸಲ, ಹೆದರಿಕೊಂಡು ಕೂಗ್ತಿದೀನಿ ಅಂತ ಗೊತ್ತಾಯ್ತಾ?"

"ಗೊತ್ತಾಯ್ತು."

"ನಮ್ಮಪ್ಪ ಕೂಗಿದ್ರೆ ನಿಲ್ತಿದ್ರಿ."

"ನಿಲ್ತಿದ್ದೆ."

"ಪಾರ್ಸೆಲ್ ಆಫೀಸಲ್ಲಿ ಒಬ್ಬೊಬ್ರೇ ಹೊರೋದು," ಎಂದ ಸೋಡಾ. ದನಿ ತೀರ ಇಳಿದಿತ್ತು. "ಅಲ್ಲಿ ಎಲ್ಲರಿಗೂ ಸಾರ್ ಅಂತಿದ್ದೆ. ಇಲ್ಲಿಗೆ ಬಂದ ದಿನ ನಿಮ್ಮ ಹಿಂದೆ ನಿಂತಾಗ, ಅಪ್ಪನ ಜಾಗ ಸಿಕ್ತು ಅಂತ ಖುಷಿಯಾಗಿತ್ತು. ನಾನು ಆ ಮಾತು ಅಗ್ಗವಾಗಿ ಆಡಿದ್ದಲ್ಲ. ನನ್ನ ಹತ್ರ ಇದ್ದಿದ್ದೇ ಅದೊಂದು."

"ನನ್ನನ್ನ ಬೈಯಪ್ಪ. ಹೊಟ್ಟೇಲಿ ಇಟ್ಕೋಬೇಡ, ಬೈದುಬಿಡು."

ಸೋಡಾ ಅವನ ಕಡೆ ತಿರುಗಿದ. ಕನ್ನಡಕವಿಲ್ಲದ ಆ ಕಣ್ಣುಗಳು ಥೇಟ್ ಅವರಪ್ಪನವೇ. "ಏನಂತ ಕರೆದು ಬೈಲಿ?" ಎಂದ.

ಯಾವ ಮಾತಿನಿಂದಲೂ ಕರೆಸಿಕೊಳ್ಳುವ ಹಕ್ಕು ತನಗಿಲ್ಲ ಎಂದು ಮೇಸ್ತ್ರಿಗೆ ಅನ್ನಿಸಿತು.

ಅಷ್ಟರಲ್ಲಿ ನರ್ಸು ತಟ್ಟೆ ಹಿಡಿದು ಬಂದಳು. ಗಾಯ ತೊಳೆದು ಹೊಸ ಪಟ್ಟಿ ಕಟ್ಟಬೇಕು, ಉರಿಯುತ್ತದೆ, ಅಲುಗಾಡದಂತೆ ಯಾರಾದರೂ ಭುಜ ಹಿಡಿದುಕೊಳ್ಳಿ ಎಂದಳು. ಹೆಂಡತಿ, "ನನ್ನಿಂದ ನೋಡೋಕಾಗಲ್ಲ" ಎಂದು ಗೋಡೆಯ ಕಡೆ ಸರಿದಳು. ನರ್ಸು ಮೇಸ್ತ್ರಿಯನ್ನು ನೋಡಿದಳು. ಮೇಸ್ತ್ರಿ ಸೋಡಾನನ್ನು ನೋಡಿದ. ಅವನು ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಮುಖವನ್ನು ಆಚೆಗೆ ತಿರುಗಿಸಿದ.

ಮೇಸ್ತ್ರಿ ಮಂಚದ ತಲೆಯ ಕಡೆಗೆ ಹೋಗಿ, ಅವನ ಹಿಂದೆ ನಿಂತು, ಎರಡೂ ಭುಜಗಳನ್ನು ಹಿಡಿದ. ಕೈ ಕೆಳಗೆ ಭುಜ ಕಲ್ಲಿನಂತೆ ಬಿಗಿಯಿತು. ಕೊಡವಿಕೊಳ್ಳಲಿಲ್ಲ. ನರ್ಸು ಪಟ್ಟಿ ಬಿಚ್ಚತೊಡಗಿದಳು.