ಹುಟ್ಟಿದೂರಿನ ಕಾಗದ

ಐವರಿ ಕೋಸ್ಟಿನ ದಕ್ಷಿಣದ ಒಂದು ಕೋಕೋ ಪೇಟೆಯಲ್ಲಿ ನಬಿಂತೂ ಸಿಸೆ ಇಪ್ಪತ್ತೆರಡು ವರ್ಷದಿಂದ ಸೂಲಗಿತ್ತಿ. ಮನೆ ಮಸೀದಿ ಕೇರಿಯಲ್ಲಿ, ಆಸ್ಪತ್ರೆ ಚರ್ಚಿನ ದಿಬ್ಬದ ಮೇಲೆ. ಉತ್ತರ ಭಾಗ ಬಂಡಾಯಗಾರರ ಕೈ ಸೇರಿದ ಮೇಲೆ ಮನೆಗೂ ಆಸ್ಪತ್ರೆಗೂ ನಡುವೆ ಊರಿನ ಹುಡುಗರು ರಸ್ತೆಗೆ ಮರ ಅಡ್ಡ ಹಾಕಿ ಕೂತರು. ಸಿಸೆ ಎಂಬುದು ಉತ್ತರದವರ ಹೆಸರು. ಮೊದಲ ದಿನವೇ ಅವಳ ಗುರುತಿನ ಚೀಟಿಯನ್ನು ಹರಿದು ಹಾಕಿ, ಪೌರತ್ವದ ಪತ್ರ ತಂದರೆ ಬಿಡುತ್ತೇವೆ ಎಂದರು.

ಆ ಪತ್ರಕ್ಕೆಂದು ಅವಳು ಮೂರನೇ ಸಲ ಕಚೇರಿಗೆ ಹೋದಾಗ ಗುಮಾಸ್ತ ಗೂಡೆ ತಲೆ ಎತ್ತಲಿಲ್ಲ.

"ನಿಮ್ಮಪ್ಪನ ಜನನ ಪತ್ರ ಬೇಕು ಅಕ್ಕಾ."

"ಅಪ್ಪ ಹುಟ್ಟಿದ್ದು ಉತ್ತರದ ಒಡಿಯೆನ್ನೆ ಕಡೆ. ಅಲ್ಲಿನ ಕಚೇರಿ ಸುಟ್ಟುಹೋಗಿದೆ ಅಂತ ನೀನೇ ಹೇಳಿದ್ದೆ."

"ಹಾಗಾದ್ರೆ ಶಾಂತಿ ಆದ್ಮೇಲೆ ತನ್ನಿ."

"ಅಲ್ಲೀವರೆಗೆ ದಿಬ್ಬದ ಹೆಂಗಸರು ಹೊಟ್ಟೆ ಹಿಡ್ಕೊಂಡು ಕಾಯ್ಬೇಕಾ?"

ಗೂಡೆ ದನಿ ತಗ್ಗಿಸಿದ. "ಕೋಕೋ ಬೆಲೆ ಬಿದ್ದು, ಪಟ್ಟಣದ ಕೆಲಸ ಹೋಗಿ, ನನ್ನ ತಮ್ಮಂದಿರು ಮನೇಲಿ ಕೂತಿದಾರೆ. ನಮ್ಮಪ್ಪ ನಿಮ್ಮಪ್ಪಂಗೆ ಕೊಟ್ಟ ಕಾಡು ಅವರಿಗೆ ವಾಪಸ್ ಬೇಕಂತೆ. ನಿಮಗೆ ಪತ್ರ ಕೊಟ್ರೆ ತೋಟ ನಿಮ್ಮದೇ ಅಂತ ಬರ್ಕೊಟ್ಟ ಹಾಗೆ."

ಅವಳು ನೇರ ಅವನ ತಂದೆಯ ಬಳಿಗೆ ಹೋದಳು. ಮುದುಕ ಅಂಗಳದಲ್ಲಿ ಮರಗೆಣಸಿನ ಅಚ್ಚೆಕೆ ಮತ್ತು ಹುರಿದ ಮೀನು ತಿನ್ನುತ್ತಿದ್ದ.

"ಅಪ್ಪಾ, ನಾನು ಎಲ್ಲಿಯವಳು?"

"ಇದೇನು ಪ್ರಶ್ನೆ? ಆ ಮಾವಿನ ಮರದ ಹಿಂದೆ ಹುಟ್ಟಿದೋಳು. ನಿಮ್ಮಪ್ಪನ ಕೈಗೆ ಕತ್ತಿ ಕೊಟ್ಟು 'ಕಾಡು ಕಡಿ' ಅಂದೋನು ನಾನು."

ಮುದುಕ ಕೈ ತೊಳೆದು, ಕೋಲೂರಿಕೊಂಡು ಕಚೇರಿಗೆ ನಡೆದ. ಮಗನೆದುರೇ ಸಾಕ್ಷಿ ಹೇಳಿ ಹೆಬ್ಬೆಟ್ಟು ಒತ್ತಿದ. ಗೂಡೆ ತುಟಿ ಕಚ್ಚಿಕೊಂಡು ಮುದ್ರೆ ಹಾಕಿದ.

ಮರುದಿನ ಬೆಳಿಗ್ಗೆ ದಿಬ್ಬದಿಂದ ಹೆರಿಗೆಯ ಕರೆ ಬಂತು. ಅಡ್ಡಮರದ ಬಳಿಯಿದ್ದ ಹುಡುಗ ದಾಗೋ ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇಂಥದ್ದು ಸಂತೇಲಿ ಸಿಗತ್ತೆ."

"ನಿನ್ನ ಹೊಕ್ಕುಳಬಳ್ಳಿ ಕತ್ತರಿಸಿದ್ದು ಈ ಕೈ ಕಣೋ. ಆವತ್ತು ನಿಮ್ಮಮ್ಮ ಪತ್ರ ಕೇಳಲಿಲ್ಲ."

ದಾಗೋನ ಮುಖ ಕೆಳಗಾಯಿತು. "ಅದು ಬೇರೆ, ಅಕ್ಕಾ. ನಿಮ್ಮೋರ ಹತ್ರ ಅಂಗಡಿ ಇದೆ, ತೋಟ ಇದೆ. ನನ್ನ ಹತ್ರ ಈ ಮರ ಒಂದೇ ಇರೋದು. ವಾಪಸ್ ಹೋಗಿ."

ಬೈಗುಳ ಬಾಯಿಗೆ ಬಂದಿತ್ತು, ಅದಕ್ಕೂ ಹೊತ್ತಿರಲಿಲ್ಲ. ಕೋಕೋ ತೋಟಗಳ ನಡುವೆ ಕೆಸರು ತುಳಿಯುತ್ತ, ಒಂದು ಗಂಟೆ ಸುತ್ತುಹಾಕಿ ಅವಳು ಆಸ್ಪತ್ರೆ ಸೇರಿದಾಗ ಮಗು ಹುಟ್ಟಿಯಾಗಿತ್ತು. ಕಸ ಗುಡಿಸುವವಳು ಅದನ್ನು ಎತ್ತಿಕೊಂಡು ನಿಂತಿದ್ದಳು. ತಾಯಿಯ ರಕ್ತ ನಿಂತಿರಲಿಲ್ಲ. ಮಧ್ಯಾಹ್ನದವರೆಗೆ ಹೆಣಗಿ ನಬಿಂತೂ ಅವಳನ್ನು ಉಳಿಸಿಕೊಂಡಳು.

ಆಮೇಲೆ ಜನನ ಚೀಟಿ ಬರೆಯಲು ಕೂತಳು. ಹುಟ್ಟಿದ ಊರು ಎಂಬಲ್ಲಿ ಪೆನ್ನನ್ನು ಎಷ್ಟು ಒತ್ತಿದಳೆಂದರೆ ಕಾಗದ ಹರಿಯಿತು. ಇನ್ನೊಂದು ತೆಗೆದು ಬರೆದು, ಮಗುವಿನ ತಂದೆಯ ಕೈಗಿಟ್ಟಳು.

"ಇದೊಂದಿದ್ರೆ ಸಾಕಾ, ಅಕ್ಕಾ?" ಅವನು ಕೇಳಿದ.

"ಗೊತ್ತಿಲ್ಲಪ್ಪ," ಎಂದಳು ನಬಿಂತೂ. "ನೆನೀದ ಹಾಗೆ ಇಟ್ಕೋ."