ನಡುದಾರಿಯಲ್ಲಿ ನಿಂತ ವ್ಯಾನು

ವ್ಯಾನಿನ ಬಾನೆಟ್ ಎತ್ತಿ, ಒಂದು ಕೈಯನ್ನು ಹಿಂದಕ್ಕೆ ಚಾಚಿ, ತಂಗಿ ಅಭ್ಯಾಸಬಲದಿಂದ ಅಂದುಬಿಟ್ಟಳು: "ಅಕ್ಕಾ, ಟಾರ್ಚ್ ಕೊಡು."

ಸುತ್ತ ನಿಂತವರೆಲ್ಲ ಗರಬಡಿದವರಂತಾದರು. ಅಕ್ಕ ಅದೇ ವ್ಯಾನಿನೊಳಗೆ ಬಿಳಿ ಹೊದಿಕೆಯಡಿ ಮಲಗಿದ್ದಳು. ನಿನ್ನೆ ಬೆಳಿಗ್ಗೆ ತನ್ನ ಗ್ಯಾರೇಜಿನ ನಲ್ಲಿಯಲ್ಲಿ ಕೈ ತೊಳೆಯುತ್ತ, "ಸೋಪು ಮುಗೀತಲ್ಲೇ" ಅಂದವಳು ಹಾಗೇ ಕುಸಿದಿದ್ದಳು. ಅಷ್ಟೇ. ನಲ್ಲಿ ಸುರಿಯುತ್ತಲೇ ಇತ್ತು.

ತಂಗಿ ಚಾಚಿದ ಕೈ ಮಡಚಿಕೊಂಡಳು. ಯಾರೋ ಮೊಬೈಲಿನ ಬೆಳಕು ಹಿಡಿದರು.

"ಬೇರೆ ವ್ಯಾನ್ ತರಿಸೋಣಮ್ಮ," ಎಂದರು ಸೋದರಮಾವ. "ಇವತ್ತೂ ನಿನ್ನ ಕೈಲಿ ಇದನ್ನ ಮಾಡಿಸೋದಾ?"

"ಎಷ್ಟು ಜನರ ಗಾಡಿ ಸರಿ ಮಾಡಿ ಮನೆ ಮುಟ್ಟಿಸಿದವಳು, ಮಾವ. ಅವಳನ್ನ ರಸ್ತೆ ಮಧ್ಯ ಇಳಿಸೋದು ಬೇಡ."

ಹಿಂದೆ ಬರುತ್ತಿದ್ದ ಗ್ಯಾರೇಜಿನ ಜೀಪಿನಿಂದ ಸ್ಕ್ಯಾನರ್ ತಂದು ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿದಳು. ಪರದೆಯ ಮೇಲೆ ದೋಷ ಎಲ್ಲಿದೆಯೆಂದು ಹೇಳುವ ಕೋಡ್ ಮೂಡಿತು. ಕ್ರ್ಯಾಂಕ್ ಸೆನ್ಸರ್. ಎಂಜಿನ್ನು ತಿರುಗುತ್ತಿರುವ ಸುದ್ದಿ ಕೊಡುವುದು ಅದೇ. ಸುದ್ದಿ ನಿಂತರೆ ಎಂಜಿನ್ನೂ ನಿಂತಂತೆ.

ಡ್ರೈವರ್ ಹಣೆ ಚಚ್ಚಿಕೊಂಡ. "ಹೋದ ವಾರ ತಾನೇ ಹೊಸದು ಹಾಕ್ಸಿದೀನಿ, ಮೇಡಂ!"

* * *

ತಂಗಿ ಅಕ್ಕನ ಗ್ಯಾರೇಜಿಗೆ ಕೆಲಸಕ್ಕೆ ಸೇರಿದ ಹೊಸತು. ಕೋಡ್ ತೋರಿಸಿದ ಭಾಗವನ್ನೇ ಬದಲಿಸಿ ಕಳಿಸಿದ್ದ ಕಾರು, ಸಂಜೆಯೊಳಗೆ ಹಗ್ಗ ಕಟ್ಟಿಸಿಕೊಂಡು ವಾಪಸು ಬಂದಿತ್ತು. ಅಕ್ಕ ಬಯ್ಯಲಿಲ್ಲ. ಬಿದ್ದು ಬಿದ್ದು ನಕ್ಕಳು.

"ಮಗು ಹೊಟ್ಟೆ ಹಿಡ್ಕೊಂಡು ಅತ್ರೆ ಹೊಟ್ಟೆನೇ ಬದಲಾಯಿಸ್ತೀಯೇನೆ? ಏನು ತಿಂದೆ ಅಂತ ಕೇಳ್ಬೇಕು. ವೈರ್ ಹಿಡ್ಕೊಂಡು ಹೋಗು. ಕಣ್ಣಲ್ಲಿ ಅಲ್ಲ, ಬೆರಳಲ್ಲಿ."

"ನಂಗೆ ಸಿಗದಿದ್ರೆ ನೀನಿದ್ದೀಯಲ್ಲ."

"ಇರ್ತೀನಿ. ಇನ್ನೆಲ್ಲಿಗೆ ಹೋಗ್ಲಿ?"

* * *

ತಂಗಿ ಅಂಗಿಯ ತೋಳು ಮಡಚಿ, ಬಿಸಿ ಆರದ ಎಂಜಿನ್ನಿನ ಸಂದಿಗೆ ಕೈ ತೂರಿಸಿದಳು. ಸೆನ್ಸರಿನಿಂದ ಹೊರಟ ವೈರನ್ನು ಬೆರಳಲ್ಲೇ ಸವರುತ್ತ ಹೋದಳು. ಕಬ್ಬಿಣದ ಪಟ್ಟಿಯೊಂದರ ಅಂಚಿನಲ್ಲಿ ಏನೋ ಚುಚ್ಚಿತು. ಉಜ್ಜಿ ಉಜ್ಜಿ ಸಿಪ್ಪೆ ಸುಲಿದು, ತಾಮ್ರದ ಎಳೆ ಹೊರಬಂದಿತ್ತು. ಟೇಪು ಸುತ್ತಿ, ವೈರನ್ನು ಪಟ್ಟಿಯಿಂದ ದೂರ ಎಳೆದು ಕಟ್ಟಿದಳು. ಕೋಡ್ ಅಳಿಸಿದಳು.

"ಸ್ಟಾರ್ಟ್ ಮಾಡಿ."

ಎಂಜಿನ್ನು ಒಂದೇ ಏಟಿಗೆ ಗುಡುಗಿತು. "ಸಿಕ್ತು!" ಎಂದು ಕೂಗಿದಳು ತಂಗಿ. ಮರುಕ್ಷಣ ತನ್ನ ಖುಷಿಗೆ ತಾನೇ ಬೆಚ್ಚಿಬಿದ್ದಳು. ಯಾರಿಗೆ ಹೇಳಿದ್ದು?

ಹಿಂಬಾಗಿಲಿಂದ ಹತ್ತಿ ಅಕ್ಕನ ಪಕ್ಕ ಕೂತಳು. ಎದುರಿಗೆ ಭಾವ ಆ ಹೊದಿಕೆಯನ್ನು, ಅದರಡಿ ಯಾರೋ ಅಪರಿಚಿತರು ಮಲಗಿದ್ದಾರೆಂಬಂತೆ, ನೋಡುತ್ತಿದ್ದರು. ವ್ಯಾನು ಕುಲುಕಿ ಹೊರಟಿತು. ಆಯತಪ್ಪಿದ ತಂಗಿ ಅಕ್ಕನ ಭುಜದ ಮೇಲೆ ಕೈಯೂರಿದಳು.

"ಅಯ್ಯೋ, ಮಸಿ ಆಯ್ತಲ್ಲೇ!" ಭಾವನ ಪಕ್ಕ ಕೂತಿದ್ದ ಸೋದರತ್ತೆ ಸೆರಗಿನಿಂದ ಒರೆಸಲು ಬಾಗಿದರು.

ಭಾವ ಅವರ ಕೈ ತಡೆದರು.

"ಒರೆಸ್ಬೇಡಿ," ಎಂದರು. "ಈಗ... ಈಗ ಅವಳ ಥರಾ ಕಾಣ್ತಿದಾಳೆ."

ಎಂಜಿನ್ನಿನ ನಡುಕಕ್ಕೆ, ಬಿಳಿ ಹೊದಿಕೆಯ ಮೇಲೆ ಐದು ಕರೀ ಬೆರಳಚ್ಚುಗಳು ಸಣ್ಣಗೆ ಅದುರುತ್ತಿದ್ದವು.